ಉಜ್ಜಿದ ಅಂಚು

"ಅಂಚು ಒಂಚೂರು ಉಜ್ಜಿಕೊಡಿ ಅಕ್ಕಾ. ಎರಡು ಬೆರಳಗಲ, ಅಷ್ಟೇ," ಎಂದರು ಹಲ್ಲಿನ ಡಾಕ್ಟರು, ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳುವವರ ಹಾಗೆ.

ಟೈರಕ್ಕ ತಲೆಯೆತ್ತಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಹದಿನೆಂಟು ವರ್ಷಗಳಿಂದ ಈ ಗ್ಯಾರೇಜಿನಲ್ಲಿ ಟೈರು ಹಾಕುವುದು, ಬಿಚ್ಚುವುದು, ಗಾಳಿ ನೋಡುವುದು ಅವಳ ಕೆಲಸ. ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಜನ ಎಂದೋ ಬಿಟ್ಟಿದ್ದರು.

ಈ ಟೈರಿನ ನಡುಭಾಗ ಸವೆದು ಮಣೆಯ ಹಾಗೆ ಚಪ್ಪಟೆಯಾಗಿತ್ತು. ಎರಡೂ ಪಕ್ಕಗಳು ಮಾತ್ರ ಕಾರ್ಖಾನೆಯಿಂದ ಬಂದ ದಿನದ ಹೊಳಪಿನಲ್ಲೇ ಇದ್ದವು. ಅಚ್ಚಿನಿಂದ ಉಳಿದ ರಬ್ಬರಿನ ಸಣ್ಣ ಕೂದಲುಗಳೂ ಉದುರಿರಲಿಲ್ಲ. ಎಂಟು ತಿಂಗಳಿಂದ ಬೈಕು ನೇರ ಓಡಿತ್ತು, ತಿರುವಿನಲ್ಲಿ ಒಮ್ಮೆಯೂ ಅಂಚು ನೆಲಕ್ಕೆ ತಾಗುವಷ್ಟು ಬಾಗಿರಲಿಲ್ಲ.

"ಉಜ್ಜೋದು ಯಾಕೆ ಸಾರ್?"

"ನಾಳೆ ಟ್ರ್ಯಾಕಿನಲ್ಲಿ ಟೈರ್ ನೋಡಿ ಗುಂಪು ಮಾಡ್ತಾರಲ್ಲ. ಅಂಚು ಸವೆದಿದ್ರೆ ಕೆಂಪು ಚೀಟಿ, ವೇಗದ ಗುಂಪು. ಇಲ್ಲಾಂದ್ರೆ ಹಳದಿ. ಇಂಥ ಬೈಕ್ ಇಟ್ಕೊಂಡು ಕಲಿಯೋರ ಜೊತೆ ಸುತ್ತೋಕಾಗತ್ತಾ? ನನ್ನ ಸ್ನೇಹಿತರೆಲ್ಲ ಕೆಂಪಿನಲ್ಲಿದಾರೆ. ಬಿದ್ದು ಬಿದ್ದು ನಗ್ತಾರೆ."

"ನೀವು ಕೀಳದೇ ಇರೋ ಹಲ್ಲಿಗೆ ಕಿತ್ತಿದೀನಿ ಅಂತ ಬರೆದುಕೊಡ್ತೀರಾ ಸಾರ್?"

ಡಾಕ್ಟರು ಜೋರಾಗಿ ನಕ್ಕರು. "ಇದು ರಬ್ಬರ್ ಅಕ್ಕಾ, ಹಲ್ಲಲ್ಲ."

ಅವಳ ಮೈಯೆಲ್ಲ ಉರಿಯಿತು. ಆ ಬೈಕನ್ನು ಪೆಟ್ಟಿಗೆಯಿಂದ ಇಳಿಸಿದ ದಿನದಿಂದಲೂ ಅವಳಿಗೆ ಅದರ ಮೇಲೆ ಜೀವ. ಚಕ್ರವನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು. ಮೂತಿಯ ಎರಡು ಪಕ್ಕದ ಪುಟ್ಟ ರೆಕ್ಕೆಗಳು ಹಾರುವುದಕ್ಕಲ್ಲ, ವೇಗ ಏರಿದಂತೆ ಮುಂದಿನ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದಕ್ಕೆ. ಬಾಗಿದಾಗ ನೆಲಕ್ಕೆ ತಾಗದಿರಲೆಂದು ಕಾಲಿಡುವ ಕಡ್ಡಿಗಳನ್ನು ಅಷ್ಟು ಮೇಲಕ್ಕೆ ಕೂರಿಸಿದ್ದರು. ಬೋಲ್ಟುಗಳ ಒಳಗನ್ನೂ ಕೊರೆದು ತೂಕ ಇಳಿಸಿದ್ದರು. ಎಲ್ಲೋ ಒಂದಿಷ್ಟು ಜನ ಮೇಜಿನ ಸುತ್ತ ಕೂತು ಒಂದೊಂದು ಗ್ರಾಮಿಗೂ ಜಗಳವಾಡಿದ್ದು ಕಣ್ಣಿಗೆ ಕಾಣುತ್ತಿತ್ತು. ಒಬ್ಬರಿಗಷ್ಟೇ ಜಾಗವಿದ್ದ ಸೀಟು, ಬೆನ್ನು ಮುರಿಯುವಷ್ಟು ತಗ್ಗಿದ ಹ್ಯಾಂಡಲ್, ಇದ್ಯಾವುದೂ ಊರೊಳಗೆ ಓಡಾಡುವ ಸುಖಕ್ಕಲ್ಲ. ತಿರುವು ಬಂದಾಗ ಹೆದರದೆ ಮೈ ಬಗ್ಗಿಸುವುದಕ್ಕೆ. ಅದೊಂದನ್ನು ಮಾಡದೆ ಮಾಡಿದಂತೆ ತೋರಿಸಬೇಕಂತೆ!

"ನಾನು ಮಾಡಲ್ಲ," ಎಂದು ಎದ್ದಳು.

ಮಾತು ಕೇಳಿ ಒಳಗಿನಿಂದ ಯಜಮಾನ ಬಂದ. ಡಾಕ್ಟರನ್ನು ನಯವಾಗಿ ಹೊರಗೆ ಕೂರಿಸಿ ಬಂದು ದನಿ ತಗ್ಗಿಸಿದ. "ಏನಕ್ಕಾ ನಿಂದು? ಎರಡು ನಿಮಿಷದ ಕೆಲಸ. ನಿನ್ನ ಗಂಟೇನು ಹೋಗತ್ತೆ?"

"ನಾಳೆ ಕೆಂಪು ಗುಂಪಲ್ಲಿ ನನ್ನ ಮಗಳಿದಾಳೆ."

"ಅವಳೇನು ನಿನ್ನೆ ಮೊನ್ನೆ ಕಲಿತವಳಾ? ತಪ್ಪಿಸ್ಕೊಂಡು ಹೋಗ್ತಾಳೆ ಬಿಡು."

"ಹೋದ ವರ್ಷ ತಪ್ಪಿಸ್ಕೊಂಡಳಾ?"

ಯಜಮಾನ ಹೊರಗೆ ಕೂತಿದ್ದ ಡಾಕ್ಟರ ಕಡೆ ನೋಡಿದ. ಅವನಿಗೂ ಗೊತ್ತಿತ್ತು. ಹೋದ ವರ್ಷ ಇಂಥದೇ ದೊಡ್ಡ ಬೈಕಿನವನೊಬ್ಬ ನೇರದಲ್ಲಿ ಬಾಣದಂತೆ ಎಲ್ಲರನ್ನೂ ದಾಟಿ, ತಿರುವಿನ ನಡುವೆ ಎದೆ ನಡುಗಿ ಬ್ರೇಕು ಒತ್ತಿಬಿಟ್ಟಿದ್ದ. ಹಿಂದೆಯೇ ಬಾಗಿ ಬರುತ್ತಿದ್ದ ಮಗಳಿಗೆ ಹೋಗಲು ದಾರಿಯೇ ಉಳಿದಿರಲಿಲ್ಲ. ಅವಳ ಭುಜದ ಮೂಳೆಯಲ್ಲಿ ಈಗಲೂ ಒಂದು ಲೋಹದ ಪಟ್ಟಿ, ಆರು ಸ್ಕ್ರೂ. ಆ ಬೈಕಿನವನು ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಕಳಿಸಿದ್ದ.

ಟೈರಕ್ಕ ಊಟ ಮುಗಿಸಿ ಬಂದಾಗ ಗ್ಯಾರೇಜಿನಲ್ಲಿ ಸುಟ್ಟ ರಬ್ಬರಿನ ವಾಸನೆ. ಬೈಕಿನ ಕೆಳಗೆ ಕರಿ ಪುಡಿ. ಯಜಮಾನ ನಲ್ಲಿಯ ಹತ್ತಿರ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ.

"ನೀನು ಮಾಡಿಲ್ಲ, ನಿನಗೆ ಪಾಪ ಇಲ್ಲ," ಎಂದ, ತಿರುಗದೆಯೇ. "ಬೆಳಗ್ಗೆ ಐದಕ್ಕೆ ಟ್ರ್ಯಾಕಿಗೆ ವ್ಯಾನ್ ಹೊರಡತ್ತೆ."

ಮನೆಯಲ್ಲಿ ಮಗಳು ಬಟ್ಟೆ ಮಡಚುತ್ತಿದ್ದಳು. ತಾಯಿ ಎಲ್ಲವನ್ನೂ ಹೇಳಿ, "ಅವರಿಂದ ದೂರ ಇರು ಪುಟ್ಟೀ," ಎಂದಳು.

"ನಾನು ದೂರ ಇದ್ರೆ ಆಯ್ತಾ ಅಮ್ಮ? ನೇರದಲ್ಲಿ ಆ ಬೈಕ್ ನನ್ನ ದಾಟೇ ದಾಟತ್ತೆ. ತಿರುವಿನಲ್ಲಿ ನಾನು ಅವರ ಬೆನ್ನಿಗೇ ಬರ್ತೀನಿ. ನನ್ನ ಬೈಕ್ ಚಿಕ್ಕದು, ತಿರುವಿನಲ್ಲಿ ನಿಧಾನ ಮಾಡಿದ್ರೆ ನನಗೆ ಉಳಿಯೋದಾದ್ರೂ ಏನು?" ಎಂದು ಅವಳು ಟವೆಲ್ಲನ್ನು ಕೊಡವಿ ಮಡಚಿಟ್ಟಳು.

ಟ್ರ್ಯಾಕಿನಲ್ಲಿ ಬೆಳಗಿನ ಗಾಳಿ ತಣ್ಣಗಿತ್ತು. ತಣ್ಣನೆಯ ರಬ್ಬರು ನೆಲ ಹಿಡಿಯುವುದಿಲ್ಲ. ಅದಕ್ಕೇ ಟೈರಕ್ಕ ಡಾಕ್ಟರ ಬೈಕಿನ ಎರಡೂ ಚಕ್ರಗಳಿಗೆ ವಿದ್ಯುತ್ತಿನ ಬಿಸಿ ಹೊದಿಕೆ ಸುತ್ತಿ ಸ್ವಿಚ್ಚು ಹಾಕಿದಳು. ಬಿಳಿ ಕೂದಲಿನ ಪರೀಕ್ಷಕರು ಕನ್ನಡಕವನ್ನು ಹಣೆಗೇರಿಸಿ ಬಂದರು. ಹಿಂದಿನ ಹೊದಿಕೆ ಸರಿಸಿ ಟಾರ್ಚು ಬಿಟ್ಟರು.

"ಪರವಾಗಿಲ್ಲವೇ ಡಾಕ್ಟ್ರೇ! ತಿರುವಿನಲ್ಲಿ ಬೈಕನ್ನ ಚೆನ್ನಾಗೇ ಮಲಗಿಸಿದೀರಿ," ಎಂದು ಕೆಂಪು ಚೀಟಿಯ ಸುರುಳಿಗೆ ಕೈಹಾಕಿದರು.

ಯಜಮಾನ ಅವಳತ್ತ ನೋಡಿ ಬೇಡ ಎಂಬಂತೆ ಸಣ್ಣಗೆ ತಲೆ ಅಲ್ಲಾಡಿಸಿದ. ಅವಳು ಪರೀಕ್ಷಕರ ಕಡೆ ತಿರುಗಿದಳು.

"ಅದು ಸವೆದಿದ್ದಲ್ಲ, ಉಜ್ಜಿದ್ದು."

ಅಕ್ಕಪಕ್ಕದವರು ತಿರುಗಿ ನೋಡಿದರು. ಡಾಕ್ಟರ ಮುಖ ಬಿಗಿಯಿತು. "ಏನ್ರೀ ಇದು? ನಾನು ಸುಳ್ಳು ಹೇಳ್ತಿದೀನಾ?"

"ನೀವು ಬಾಯಿ ಬಿಟ್ಟು ಹೇಳಿಲ್ಲ ಸಾರ್. ಟೈರ್ ಕೈಲಿ ಹೇಳಿಸಿದೀರಿ."

"ಅಕ್ಕಾ," ಪರೀಕ್ಷಕರು ನಿಟ್ಟುಸಿರಿಟ್ಟರು, "ನನ್ನ ಕಣ್ಣಿಗೆ ಸವೆದಂಗೇ ಕಾಣ್ತಿದೆ. ನಿಮ್ಮ ಮಾತೊಂದನ್ನೇ ನಂಬಿ ತಡೆಯೋಕಾಗಲ್ಲ."

"ನನ್ನನ್ನ ನಂಬಬೇಡಿ. ಬೈಕನ್ನೇ ಕೇಳಿ."

ಕೀಲಿ ಅದರಲ್ಲೇ ಇತ್ತು. ಯಾರೂ ತಡೆಯುವ ಮೊದಲೇ ಅವಳು ಅದನ್ನು ತಿರುಗಿಸಿ ಹ್ಯಾಂಡಲಿನ ಗುಂಡಿಯನ್ನು ಮೂರು ಸಲ ಒತ್ತಿದಳು. ಸೀಟಿನ ಕೆಳಗೆ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆಯಿದೆ. ಬೈಕು ಎಷ್ಟು ಬಾಗಿದೆ ಎಂದು ಅದು ಕ್ಷಣಕ್ಷಣವೂ ಅಳೆಯುತ್ತದೆ. ತಿರುವಿನಲ್ಲಿ ಸವಾರ ಆತುರಪಟ್ಟರೆ ಚಕ್ರ ಜಾರದಂತೆ ಎಂಜಿನ್ನಿನ ಬಲವನ್ನು ಅಳೆದಳೆದು ಬಿಡುತ್ತದೆ. ಈವರೆಗೆ ಅತಿ ಹೆಚ್ಚು ಬಾಗಿದ್ದು ಎಷ್ಟು ಎಂಬುದನ್ನೂ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಅಳಿಸುವುದು ಡಾಕ್ಟರಿಗೂ ಹೊಳೆದಿರಲಿಲ್ಲ, ಯಜಮಾನನಿಗೂ ಹೊಳೆದಿರಲಿಲ್ಲ.

ಬೈಕಿನ ಪುಟ್ಟ ಪರದೆಯ ಮೇಲೆ ಎರಡು ಅಂಕಿ ಮೂಡಿದವು. ಎಡಕ್ಕೆ ಇಪ್ಪತ್ತಾರು ಡಿಗ್ರಿ. ಬಲಕ್ಕೆ ಇಪ್ಪತ್ತಮೂರು.

ಪರೀಕ್ಷಕರು ಕನ್ನಡಕ ಕೆಳಗಿಳಿಸಿ ಇನ್ನೊಮ್ಮೆ ನೋಡಿದರು. "ಕೆಂಪಿನವರು ಐವತ್ತು ದಾಟಿಸ್ತಾರೆ ಡಾಕ್ಟ್ರೇ. ಇಪ್ಪತ್ತಾರು ಅಂದ್ರೆ ನಮ್ಮತ್ತೆ ಸ್ಕೂಟರಲ್ಲಿ ತರಕಾರಿಗೆ ಹೋಗೋವಾಗ ಬಗ್ಗಿಸ್ತಾರೆ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಟೈರಕ್ಕನಿಗೆ ನಗು ಬರಲಿಲ್ಲ. ಹೋದ ವರ್ಷವೂ ಇವರೆಲ್ಲ ಇಲ್ಲೇ ನಿಂತಿದ್ದರಲ್ಲ! ಆ ಬೈಕಿನ ಅಂಕಿಯನ್ನು ಯಾರೂ ನೋಡಿರಲಿಲ್ಲ. ಅದೃಷ್ಟ ಕೆಟ್ಟಿತ್ತು ಎಂದು ಮಗಳ ಬೆನ್ನು ತಟ್ಟಿ ಎಲ್ಲರೂ ಮನೆಗೆ ಹೋಗಿದ್ದರು.

"ಇದರಲ್ಲಿ ನಗೋದೇನಿದೆ?" ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಹೆದರೋದು ತಪ್ಪಲ್ಲ. ನಾನೂ ಹೆದರ್ತೀನಿ. ಹೆದರಿಕೇನ ಉಜ್ಜಿ ಮುಚ್ಚಿಟ್ಕೊಂಡು ಇನ್ನೊಬ್ಬರ ಮಕ್ಕಳ ಮುಂದೆ ಹೋಗಿ ನಿಲ್ಲೋದು ತಪ್ಪು."

ನಗು ಅಡಗಿತು. ಪರೀಕ್ಷಕರು ಹಳದಿ ಚೀಟಿ ಹರಿದು ಬೈಕಿನ ಮುಂದಿನ ಗಾಜಿನ ಮೇಲೆ ಅಂಟಿಸಿದರು. ಡಾಕ್ಟರು ಕೈಗವಸು ಬಿಚ್ಚಿ, ಕಾರಿನೊಳಗೆ ಕೂತು ಗಾಜು ಏರಿಸಿಕೊಂಡರು.

ಯಜಮಾನ ಹತ್ತಿರ ಬಂದ. "ನಾಳೆಯಿಂದ ಬರಬೇಡ."

"ಹದಿನೆಂಟು ವರ್ಷದಲ್ಲಿ ನಾನು ಬಿಗಿದ ಒಂದು ಚಕ್ರ ಸಡಿಲ ಆಗಿದ್ರೆ ಹೇಳಿ."

"ಅದಕ್ಕಲ್ಲ."

"ಗೊತ್ತು ಬಿಡಿ, ಯಾತಕ್ಕೆ ಅಂತ."

ಅವನು ಡಾಕ್ಟರ ಕಾರಿನ ಗಾಜು ತಟ್ಟಲು ಓಡಿದ.

ಮಗಳು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಮುಖ ಕೆಂಪಾಗಿತ್ತು. "ಎಲ್ಲರ ಮುಂದೆ ರಂಪ ಮಾಡ್ಬೇಕಿತ್ತಾ ಅಮ್ಮ? ಅಮ್ಮನ ಸೆರಗು ಹಿಡ್ಕೊಂಡು ಬಂದಿದಾಳೆ ಅಂತಾರೆ ಈಗ."

"ಅನ್ನಲಿ."

"ಕೆಲಸ?"

"ಕೈಯಿದೆ. ಜಿಪ್ಪು ಪೂರ್ತಿ ಎಳ್ಕೋ."

ಮಗಳು ಅಲ್ಲೇ ನಿಂತಳು. ತಾಯಿಯೇ ಎಳೆಯಲಿ ಎಂಬಂತೆ ಗದ್ದ ಎತ್ತಿದಳು. ಟೈರಕ್ಕ ಜಿಪ್ಪನ್ನು ಕತ್ತಿನವರೆಗೆ ಎಳೆದು, ಮೇಲಿನ ಪಟ್ಟಿಯನ್ನು ಒತ್ತಿ ಅಂಟಿಸಿದಳು.

ಕೆಂಪು ಗುಂಪಿನ ಬೈಕುಗಳು ಒಂದೊಂದಾಗಿ ಹೊರಟವು. ಸದ್ದು ದೂರವಾಗುತ್ತ ಹೋಯಿತು.

ಡಾಕ್ಟರ ಬೈಕು ಎರಡು ಸ್ಟ್ಯಾಂಡುಗಳ ಮೇಲೆ ಒಂಟಿಯಾಗಿ ನಿಂತಿತ್ತು. ಹೊದಿಕೆಗಳು ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿದ್ದವು. ಆರಿಸುವ ನೆನಪು ಯಾರಿಗೂ ಇರಲಿಲ್ಲ. ಅವಳು ಸ್ವಿಚ್ಚು ತೆಗೆದು, ಮುಂದಿನದನ್ನು ಬಿಚ್ಚಿದಳು. ರಬ್ಬರು ಕೈ ಸುಡುವಷ್ಟು ಬಿಸಿಯಾಗಿ, ಮೆತ್ತಗಾಗಿ, ಓಡಲು ಸಿದ್ಧವಾಗಿತ್ತು. ಅದು ಆರುವವರೆಗೂ ಅವಳು ಪಕ್ಕದಲ್ಲೇ ಕುಕ್ಕರಿಸಿ ಕೂತಿದ್ದಳು. ಆಚೆ ತಿರುವಿನ ಕಡೆಯಿಂದ ಸದ್ದು ಬಂತು, ಹತ್ತಿರವಾಯಿತು, ದಾಟಿ ಹೋಯಿತು. ಮತ್ತೆ ಬಂತು.