ಮಾಳವ್ವನ ಪಾಲಿನ ನೂಲು

ಸಂಜೆಯಾಗುವ ಹೊತ್ತಿಗೆ ಕೃಷ್ಣವ್ವನ ಬೆರಳು ಮಡಚಲು ಬರುತ್ತಿರಲಿಲ್ಲ. ತನ್ನ ಪಾಲಿನ ಉಣ್ಣೆ ನೂತು ಮುಗಿಸಿ, ನೆಗೆಣ್ಣಿ ಮಾಳವ್ವನ ಪಾಲಿನದನ್ನೂ ಗುಟ್ಟಾಗಿ ನೂತು ಅವಳ ಬುಟ್ಟಿಗೆ ಹಾಕುತ್ತ ಮೂರು ತಿಂಗಳಾಗಿತ್ತು. ಮಾಳವ್ವ ಗೋಡೆಗೆ ಮುಖ ಮಾಡಿ ಕೂತವಳು ಕೂತೇ ಇದ್ದಳು. ಜ್ವರವಿಲ್ಲ, ನೋವಿಲ್ಲ. ನೆರೆಮನೆಯ ನಾಗವ್ವ ‘ಗಾಳಿ ಸೋಕೇತಿ’ ಎಂದು ನಿಂಬೆಹಣ್ಣು ಇಳಿಸಿ ಹೋಗಿದ್ದಳು. ಗಂಡಸರ ಬೈಗುಳವಾದರೂ ತಪ್ಪಲಿ ಎಂದು ಕೃಷ್ಣವ್ವ ಈ ಉಪಾಯ ಹಿಡಿದಿದ್ದಳು.

ಅವತ್ತು ಉಪಾಯ ತಿರುಗಿ ಬಿತ್ತು. ಮಾಳವ್ವನ ಗಂಡ ಸತ್ಯಪ್ಪ ಬುಟ್ಟಿ ಎತ್ತಿ ನೋಡಿ ನಕ್ಕ.

“ನೋಡ್ರಿ ವೈನಿ, ಎಷ್ಟು ನೂತಾಳ! ಮೈ ಗಟ್ಟಿ ಐತಿ, ಬರೀ ಸೋಗು. ನಾಳೆ ಕುರಿ ಹೊಡಕೊಂಡು ಮೇವಿಗೆ ಸಂಸ್ಥಾನದ ಗಡಿ ದಾಟೂಣು. ನೀವೂ ಅಣ್ಣನ ಜೋಡಿ ಬರ್ರಿ, ರೊಟ್ಟಿ ಬಡ್ಯಾಕ ಒಬ್ಬರು ಬೇಕಲ್ಲ. ಇಕಿ ಇಲ್ಲೇ ಲಿಂಗನೂರಾಗ ಮನಿ ಕಾಯ್ಲಿ. ಹೋಳಿ ಹುಣ್ಣಿವಿಗೆ ತಿರುಗಿ ಬರೂಣು.”

ನಾಲ್ಕು ತಿಂಗಳು, ಮಾಳವ್ವ ಒಬ್ಬಳೇ!

ಕೃಷ್ಣವ್ವ ಒಳಗೆ ಹೋದಳು. ‘ಏಳವಾ, ನಮಗೇನು ಕಡಿಮಿ ಐತಿ’ ಎಂಬ ದಿನದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳುವಷ್ಟೂ ತ್ರಾಣವಿರಲಿಲ್ಲ. ಮಾಳವ್ವನ ಪಕ್ಕದಲ್ಲಿ ಕೂತಳು.

“ಏನಾಗೇತಿ ಅಂತ ನಾ ನಿನ್ನ ಒಂದಿನಾನೂ ಕೇಳಲಿಲ್ಲ ನೋಡು, ಮಾಳವ್ವಾ.”

ಮಾಳವ್ವ ಗೋಡೆ ನೋಡುತ್ತಲೇ ಹೇಳಿದಳು. “ಏನೂ ಆಗಿಲ್ಲಕ್ಕಾ. ಅದ ತಿಳಿವಲ್ದು. ಬೆಳಗಾತಂದ್ರ ಎದಿ ಮ್ಯಾಲ ಬೀಸುಕಲ್ಲು ಇಟ್ಟಂಗ. ನನ್ನ ನೂಲು ನೀ ನೂಲೂದು ನೋಡೇನಿ. ನಾ ಇಲ್ಲದಿದ್ರೂ ಬುಟ್ಟಿ ತುಂಬತೈತಿ. ಹಂಗಾದ್ರ ನಾ ಯಾಕಿರಬೇಕು?”

ಹಂಗ ಅನಬಾರದು ಹುಚ್ಚಿ, ಎನ್ನಲಿದ್ದ ಕೃಷ್ಣವ್ವ ಮಾತು ನುಂಗಿದಳು.

“ಸಾಯಬೇಕು ಅನಸ್ತೈತೇನವಾ?”

ಮಾಳವ್ವ ಗೋಡೆ ಬಿಟ್ಟು ಈ ಕಡೆ ತಿರುಗಿದಳು. “ಒಮ್ಮೊಮ್ಮೆ. ಯಾರಿಗೂ ಹೇಳಿಲ್ಲ.”

“ನನಗ ಹೇಳಿದೆಲ್ಲ. ಇನ್ನೂ ಹೇಳು. ನಾ ಎಲ್ಲೂ ಹೋಗೂದಿಲ್ಲ.”

ಮಾಳವ್ವ ಹೇಳಿದಳು, ನಡುನಡುವೆ ನಿಂತಳು. ನಿಂತಲ್ಲಿ ಕೃಷ್ಣವ್ವ ಮಾತು ತುಂಬಲು ಹೋಗಲಿಲ್ಲ.

ಊಟದ ಹೊತ್ತಿಗೆ ಬುಟ್ಟಿಯನ್ನು ಮೈದುನನ ಮುಂದೆ ಇಟ್ಟಳು. “ಇದು ನಾ ನೂತದ್ದು, ಸತ್ಯಪ್ಪ. ಅಕಿ ತಕಲಿ ಮುಟ್ಟಿ ಮೂರು ತಿಂಗಳಾತು. ಸೋಗಲ್ಲ, ಜಡ್ಡು. ಸುಳ್ಳು ನಂದು. ನಾ ಇಲ್ಲೇ ಇರತೇನಿ.”

“ಹಂಗಂದ್ರ ರೊಟ್ಟಿ ಯಾರು ಬಡೀಬೇಕ್ರಿ?”

“ನಿಮ್ಮ ಕೈಗೇನು ಧಾಡಿ?”

ಬೆಳಿಗ್ಗೆ ಸತ್ಯಪ್ಪ ರೊಟ್ಟಿಯ ಹಂಚನ್ನು ತಾನೇ ಕುದುರೆಯ ಹೇರಿಗೆ ಬಿಗಿದ. ಹೊಸ್ತಿಲಲ್ಲಿ ಕ್ಷಣ ನಿಂತು, “ಮಾಳಾ, ಬರತೇನಿ. ಜ್ವಾಕಿ” ಎಂದು ಅಣ್ಣನ ಹಿಂದೆ ನಡೆದ.

ಕುರಿಗಳ ಸದ್ದು ದೂರವಾಯಿತು. ಅವತ್ತು ಮಾಳವ್ವನ ಬುಟ್ಟಿಯನ್ನು ಕೃಷ್ಣವ್ವ ತುಂಬಲಿಲ್ಲ. ಅದರ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಳು.

ಸ್ವಲ್ಪ ಹೊತ್ತಿಗೆ ಮಾಳವ್ವ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಅಕ್ಕಾ, ನಿನ್ನ ಬೆರಳು ಬಾತಾವು.”