ಎರಡೂ ತುದಿ ಎತ್ತಿದ ಸ್ಕೀ

ನಾನು ಒಂದು ಸ್ಕೀ. ಹಿಮದ ಮೇಲೆ ಜಾರಲು ಕಾಲಿಗೆ ಬಿಗಿದುಕೊಳ್ಳುವ ಉದ್ದನೆಯ ಪಟ್ಟಿ. ಸ್ಕೀಗಳು ಹುಟ್ಟುವುದೇ ಜೋಡಿಯಾಗಿ. ಆಸ್ಟ್ರಿಯಾದ ಬೆಟ್ಟದ ಊರೊಂದರ ಕಾರ್ಖಾನೆಯಲ್ಲಿ, ಒಂದೇ ಮರದ ತಿರುಳಿನಿಂದ, ನಾನೂ ನನ್ನ ಜೊತೆಯವಳೂ ಹುಟ್ಟಿದೆವು.

ಉಳಿದ ಸ್ಕೀಗಳು ನಮ್ಮನ್ನು ನೋಡಿ ನಗುತ್ತಿದ್ದವು. ಅವು ಉದ್ದ, ಬಿಗಿ. ಮೂತಿ ಮೇಲಕ್ಕೆ, ಬಾಲ ಚಪ್ಪಟೆ. ನಾವು ಗಿಡ್ಡ, ಮೆದು. ನಮ್ಮ ಬಾಲವೂ ಮೂತಿಯಂತೆಯೇ ಮೇಲಕ್ಕೆ ಬಾಗಿತ್ತು. "ಹಿಂದು ಮುಂದು ಗೊತ್ತಿಲ್ಲದವು" ಎಂದು ಚುಡಾಯಿಸುತ್ತಿದ್ದವು. ನಮ್ಮನ್ನು ಮಾಡಿದ್ದು ಕುಣಿತಕ್ಕೆ. ಆ ಕಾಲದಲ್ಲಿ ಸಂಗೀತಕ್ಕೆ ತಕ್ಕಂತೆ ಹಿಮದ ಮೇಲೆ ಸುತ್ತುವ, ಹಿಮ್ಮುಖವಾಗಿ ಜಾರುವ ಸ್ಪರ್ಧೆಗಳಿದ್ದವು. ಬಾಲ ಎತ್ತಿದ್ದರೆ ಹಿಂದಕ್ಕೆ ಹೋಗುವಾಗ ಹಿಮಕ್ಕೆ ನಾಟುವುದಿಲ್ಲ.

ಹೆಲ್ಗಾ ಎಂಬಾಕೆ ನಮ್ಮನ್ನು ಕೊಂಡು ಕುಣಿದಳು. ಅವಳ ಮುಖಕ್ಕಿಂತ ಮೊಣಕಾಲೇ ನನಗೆ ಹೆಚ್ಚು ಪರಿಚಯ. ಕ್ರಮೇಣ ಆ ಕುಣಿತ ಜನರಿಗೆ ಬೇಸರವಾಯಿತು, ಸ್ಪರ್ಧೆಗಳು ನಿಂತವು. ಹೆಲ್ಗಾ ಮನಾಲಿಯ ಮೇಲಿನ ಕಣಿವೆಗೆ ಸ್ಕೀ ಕಲಿಸಲು ಬಂದಳು. ಮರಳುವಾಗ ನಮ್ಮನ್ನು ಖೂಬ್‌ರಾಮನ ಮನೆಯಲ್ಲಿ ಬಿಟ್ಟುಹೋದಳು.

ಖೂಬ್‌ರಾಮ್ ಹಳ್ಳಿಯವರಿಗೆ ಮರದ ಸ್ಕೀ ಮಾಡಿಕೊಡುವ ಬಡಗಿ. ಬೇಸಿಗೆಯಲ್ಲಿ ಅವುಗಳ ಮೇಲೆ ಕಲ್ಲು ಹೇರಿಡುತ್ತಿದ್ದ. ಇಲ್ಲದಿದ್ದರೆ ತೇವಕ್ಕೆ ಸೊಟ್ಟಗಾಗುತ್ತವೆ. ನಮ್ಮ ಬಾಲ ನೋಡಿ ಲೊಚಗುಟ್ಟಿದ. "ಪಾಪ ಮೇಮ್‌ಸಾಬ್, ಒಳ್ಳೇ ಸಾಮಾನನ್ನ ತೇವದಲ್ಲಿಟ್ಟು ಕೆಡಿಸಿಕೊಂಡಿದಾಳೆ." ಉಪಕಾರ ಮಾಡಲೆಂದೇ ನನ್ನ ಜೊತೆಯವಳನ್ನು ಹಬೆಗೆ ಹಿಡಿದು, ಬಾಲದ ಮೇಲೆ ಕಲ್ಲು ಹೇರಿದ. ಬೆಳಿಗ್ಗೆ ಅವಳು ಸೀಳಿಹೋಗಿದ್ದಳು.

ಒಂಟಿ ಸ್ಕೀ ಯಾರಿಗೆ ಬೇಕು? ನನ್ನನ್ನು ಅಟ್ಟಕ್ಕೆ ಸೇರಿಸಿ ಮೇಲೆ ಹುಲ್ಲು ಒಟ್ಟಿದರು. ಎಷ್ಟು ಚಳಿಗಾಲ ಹೋದವೋ, ನಾನು ಎಣಿಸಲಿಲ್ಲ.

ಒಂದು ದಿನ ಹುಲ್ಲು ಎಳೆಯಲು ಬಂದ ಕೈ ನನಗೆ ತಗುಲಿತು. ಅದು ಖೂಬ್‌ರಾಮನ ಮಗಳು ಕುಂತಾಳ ಕೈ. ಅವಳು ಗಾಳಿಯಲ್ಲಿ ಸುತ್ತಿ ಹಿಮ್ಮುಖವಾಗಿ ಇಳಿಯುವುದನ್ನು ಕಲಿಯುತ್ತಿದ್ದಳು. ಅಪ್ಪ ಮಾಡಿದ ಸ್ಕೀಯ ಚಪ್ಪಟೆ ಬಾಲ ಪ್ರತಿ ಸಲವೂ ಹಿಮಕ್ಕೆ ನಾಟಿ ಅವಳನ್ನು ಬೀಳಿಸುತ್ತಿತ್ತು. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿತ್ತು. ಮೊಣಕಾಲು ಊದಿತ್ತು. ಇನ್ನೊಮ್ಮೆ ಬಿದ್ದರೆ ಸ್ಕೀ ಬಿಟ್ಟುಬಿಡಬೇಕೆಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

"ಬಾಪೂ, ಇದು ಯಾರದ್ದು?"

"ಸೊಟ್ಟಗಾಗಿದ್ದು ಅದು. ಒಲೆಗೆ ಹಾಕು."

"ಸೊಟ್ಟಗಾಗಿಲ್ಲ. ಬೇಕಂತಲೇ ಬಗ್ಗಿಸಿದಾರೆ. ಟೂರಿಸ್ಟ್‌ಗಳ ಹೊಸ ಸ್ಕೀ ನೋಡಿಲ್ವಾ? ಸುಮಾರು ಹೀಗೇ ಇವೆ, ಅಗಲ ಜಾಸ್ತಿ ಅಷ್ಟೆ."

"ನಂಗೇ ಸ್ಕೀ ಪಾಠವಾ?"

"ಪಾಠ ಬೇಡ, ಕೈಯಿಟ್ಟು ನೋಡಿ. ಎರಡೂ ತುದಿ ಒಂದೇ ಬಾಗು. ತೇವಕ್ಕೆ ಹೀಗೆ ಅಳತೆ ಹಿಡಿದು ಬಗ್ಗಿಸೋಕೆ ಬರುತ್ತಾ?"

ಖೂಬ್‌ರಾಮ್ ನನ್ನ ಮೂತಿಯಿಂದ ಬಾಲದವರೆಗೆ ಹೆಬ್ಬೆರಳು ಎಳೆದ. ಮತ್ತೊಮ್ಮೆ ಎಳೆದ.

"ಹಾಗಾದ್ರೆ ಆ ಇನ್ನೊಂದನ್ನ ಕೊಂದವನು ನಾನೇ."

"ಆಗಿದ್ದು ಆಯ್ತಲ್ಲ. ಈಗ ಇಂಥದ್ದೇ ಮಾಡಿಕೊಡಿ."

ಅವನು ನನ್ನನ್ನು ಬೆಂಚಿಗೆ ಬಿಗಿದು, ನನ್ನ ಬಾಗಿಗೆ ಸರಿಯಾಗಿ ಮರದ ಅಚ್ಚು ಕೆತ್ತಿದ. ಹಬೆಯಲ್ಲಿ ಮೆದುವಾದ ಹಲಗೆಗಳನ್ನು ಅದರ ಮೇಲೆ ಬಗ್ಗಿಸಿದ. ಹೊಸ ಸ್ಕೀಗಳ ಸೊಂಟವನ್ನು, ಅಂದರೆ ನಡುಭಾಗವನ್ನು, ಅಗಲ ಮಾಡಿಸಿದ್ದು ಕುಂತಾ. ಎತ್ತರದಿಂದ ಮೆತ್ತನೆಯ ಹಿಮಕ್ಕೆ ಇಳಿದಾಗ ಮುಳುಗಬಾರದು. ಕಾಲು ಬಿಗಿಯುವ ಜಾಗವನ್ನು ನನ್ನಲ್ಲಿರುವಂತೆಯೇ ನಡುವಿಗೆ ತಂದರು.

ಆಯ್ಕೆಯ ದಿನ ಖೂಬ್‌ರಾಮ್ ನನ್ನನ್ನೂ ಹೆಗಲ ಮೇಲೆ ಹೊತ್ತು ತಂದು, ಇಳಿಜಾರಿನ ಬುಡದಲ್ಲಿ ನೆಟ್ಟು, ನನ್ನನ್ನು ಹಿಡಿದುಕೊಂಡು ನಿಂತ.

"ಏನು ಚಾಚಾ, ಒಂದೇ ಕಾಲಲ್ಲಿ ಇಳೀತೀರಾ?" ಎಂದು ಪಕ್ಕದವನೊಬ್ಬ ಕೆಣಕಿದ.

"ನಾನಲ್ಲಪ್ಪ. ಇದು ತನ್ನ ಮೊಮ್ಮಕ್ಕಳನ್ನ ನೋಡೋಕೆ ಬಂದಿದೆ."

ಮೇಲೆ ಕುಂತಾ ಹಾರಿದಳು. ಖೂಬ್‌ರಾಮನ ಹಿಡಿತ ಬಿಗಿಯಾಯಿತು. ಅವಳು ಗಾಳಿಯಲ್ಲಿ ಸುತ್ತಿ ಇಳಿದಳು. ಬಾಲಗಳು ಹಿಮಕ್ಕೆ ತಾಗಿದವು, ನಾಟಲಿಲ್ಲ. ಬಂದ ದಾರಿಯತ್ತ ಮುಖ ಮಾಡಿಕೊಂಡೇ ಅವಳು ಕೆಳಗೆ ಜಾರಿ ಬಂದಳು. ಹಿಡಿತ ಸಡಿಲವಾಯಿತು.

ಸಂಜೆ ತಂಡದಲ್ಲಿ ಅವಳ ಹೆಸರಿತ್ತು.

ಈಗ ನಾನು ಬಡಗಿಯ ಕೆಲಸದ ಕೋಣೆಯ ಗೋಡೆಯ ಮೇಲಿದ್ದೇನೆ. ಕೆಳಗೆ ಊರಿನ ಬೇರೆ ಹುಡುಗಿಯರ ಸ್ಕೀಗಳು ಅಚ್ಚಿನ ಮೇಲೆ ಒಣಗುತ್ತಿವೆ. ನನ್ನ ಜೊತೆಯವಳು ಮರಳಿ ಬರುವುದಿಲ್ಲ. ನಾನು ಇನ್ನು ಹಿಮದ ಮೇಲೆ ಜಾರುವುದೂ ಇಲ್ಲ. ಆದರೆ ಅಚ್ಚಿಗೆ ಒಂದೇ ಸಾಕು. ಅದರ ಮೇಲಿಂದ ಎದ್ದು ಹೋಗುವವು ಜೋಡಿ ಜೋಡಿಯಾಗಿಯೇ ಹೋಗುತ್ತವೆ.