ಬೆಂಚಿನಡಿ ಮೂರನೆಯ ಲೋಟ

ಸೊಸೆ ಮಗಳ ಎಡಜಡೆ ಹೆಣೆದು ಬಲಜಡೆಗೆ ಕೈ ಹಾಕಿದ್ದಳಷ್ಟೆ, ಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು. ಮಾವನ ಜೊತೆ ಸೈನ್ಯದಲ್ಲಿದ್ದ ಮೀಸೆ ತಾತ ಬಂದಿದ್ದರು. ಅವಳು ಬಾಚಣಿಗೆ ಬಿಟ್ಟು ಎದ್ದಳು.

"ಅಮ್ಮಾ, ಮೀಸೆ ತಾತನ್ನ ಒಂದು ಮಾತು ಕೇಳ್ಲಾ?" ಏಳು ವರ್ಷದ ಮಗಳು ಕೈ ಜಗ್ಗಿದಳು.

"ಬೆಂಚಿನ ವಿಷಯ ತಾನೆ? ಇವತ್ತು ಬೇಡ ಚಿನ್ನಾ. ಅಜ್ಜಿ ಇಷ್ಟು ವರ್ಷ ಹೊರಗೆ ಯಾರಿಗೂ ಹೇಳಿಲ್ಲ. ನೊಂದ್ಕೋತಾರೆ."

ಹಜಾರದಲ್ಲಿ ಹೂವಿನ ನಡುವೆ ಮಾವ ಮಲಗಿದ್ದರು. ಎಷ್ಟು ತಿಕ್ಕಿದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಮೀಸೆ ತಾತ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಆಮೇಲೆ ಮೆಲ್ಲಗೆ, "ಏನೋ ಲೇ, ನಾನು ಬಂದ್ರೂ ಏಳಲ್ವಾ? ಭಾರೀ ಸೋಮಾರಿ ಆಗ್ಬಿಟ್ಟೆ" ಎಂದರು. ಅಳುತ್ತಿದ್ದವರೂ ನಕ್ಕುಬಿಟ್ಟರು.

*

ಯುದ್ಧದಿಂದ ಮರಳಿದ ಮಾವ ಸೈಕಲ್ ರಿಪೇರಿ ಅಂಗಡಿ ಇಟ್ಟರು. ತಣ್ಣಗೆ ಕೂತು ಮಾಡುವ ಕೆಲಸ ಅಂದುಕೊಂಡಿದ್ದರು. ಟ್ಯೂಬು ಒಡೆಯುತ್ತದೆ ಅನ್ನುವುದೇ ಹೊಳೆದಿರಲಿಲ್ಲ! ಮೊದಲ ವಾರವೇ ಒಂದು ಢಂ ಎಂದಿತು. ಚಹಾ ತಂದ ಹೊಸ ಹೆಂಡತಿ ನೋಡುತ್ತಾಳೆ, ಗಂಡ ಬೆಂಚಿನ ಕೆಳಗೆ ಕಿವಿ ಮುಚ್ಚಿ ಮುದುಡಿಕೊಂಡಿದ್ದಾನೆ. ಅವಳು ಬಾಗಿಲು ಮುಂದೆ ಮಾಡಿ ತಾನೂ ಬೆಂಚಿನಡಿ ನುಸುಳಿದಳು.

"ನೀನ್ಯಾಕೆ ಬಂದೆ?"

"ಚಹಾ ಆರಿಹೋಗುತ್ತೆ. ಕುಡೀರಿ."

ಅಲ್ಲಿಂದಾಚೆ ಟ್ಯೂಬು ಒಡೆದಾಗಲೆಲ್ಲ ಅಂಗಡಿ ಅರ್ಧ ಗಂಟೆ ಮುಚ್ಚುತ್ತಿತ್ತು. "ಹಾಡಹಗಲೇ ಏನಪ್ಪಾ ಇವರ ಸರಸ!" ಎಂದು ಬೀದಿಯೆಲ್ಲ ಕಿಸಕ್ಕೆನ್ನುತ್ತಿತ್ತು. ಅತ್ತೆ ನಾಚಿಕೊಂಡವರಂತೆ ತಲೆ ತಗ್ಗಿಸಿ, ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟರು. ಈಚೆಗೆ ಮೂರು ವರ್ಷದಿಂದ ಬೆಂಚಿನಡಿ ಮೂರನೆಯ ಲೋಟವೂ ಸೇರಿತ್ತು. ಅದರಲ್ಲಿ ಮೊಮ್ಮಗಳ ಹಾಲು.

*

"ಹುಲಿ ಕಣಮ್ಮಾ ಇವನು!" ಮೀಸೆ ತಾತ ಚಹಾದ ಲೋಟ ಹಿಡಿದು ಅತ್ತೆಗೆ ಹೇಳುತ್ತಿದ್ದರು. "ತಲೆ ಮೇಲೆ ಗುಂಡು ಹಾರ್ತಿದ್ರೆ ಕೂತ್ಕೊಂಡು ಬೂಟಿನ ಲಾಡಿ ಕಟ್ಟೋನು. ಹೆದರಿಕೆ ಅನ್ನೋದು ನಮ್ಮಿಬ್ಬರ ಹತ್ರಾನೂ ಸುಳೀಲಿಲ್ಲ ನೋಡಿ."

ಹೊರಗೆ ಶವ ಒಯ್ಯುವ ವ್ಯಾನಿನ ಬಾಗಿಲನ್ನು ಯಾರೋ ಧಡ್ಡೆಂದು ಬಡಿದರು.

ಮೀಸೆ ತಾತ ಗೋಡೆಗೆ ಒರಗಿ ಕುಸಿದರು. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. "ಲೋಟ ಜಾರ್ತು, ಹಾಳಾದ್ದು" ಎಂದು ನಗಲು ನೋಡಿದರು. ನಗು ಬರಲಿಲ್ಲ.

ಮಗಳು ತಾಯಿಯ ಮುಖ ನೋಡಿದಳು. ತಾಯಿ ಬೇಡವೆಂದು ತಲೆಯಾಡಿಸಿ ಅತ್ತೆಯತ್ತ ತಿರುಗಿದಳು. ಅತ್ತೆ ಒರೆಸಲು ಬಟ್ಟೆ ಕೊಡುತ್ತಾ ಅವರನ್ನೇ ದಿಟ್ಟಿಸುತ್ತಿದ್ದರು. ಅತ್ತೆಯ ತುಟಿಯಂಚಿನಲ್ಲಿ ಸಣ್ಣ ನಗೆ.

"ತಡೀಬೇಡ ಕಣೇ," ಎಂದರು ಸೊಸೆಗೆ. "ಅದೇನು ಕೇಳುತ್ತೋ ಕೇಳ್ಲಿ ಬಿಡು."

ಒಂಟಿ ಜಡೆಯ ಹುಡುಗಿ ಹೋಗಿ ಮೀಸೆ ತಾತನ ಪಕ್ಕ ನೆಲದ ಮೇಲೆ ಕೂತಳು.

"ಹೆದರಿಕೆ ಆದ್ರೆ ನಮ್ ತಾತ ಬೆಂಚಿನ ಕೆಳಗೆ ಹೋಗ್ತಿದ್ರು. ಅಜ್ಜೀನೂ ನಾನೂ ಹೋಗ್ತಿದ್ವಿ. ನೀವು ಹೋದಾಗ ನಿಮ್ ಜೊತೆ ಯಾರು ಬರ್ತಾರೆ?"